ಚಿಗವ್ವನ ಒಂದು ವಾಟಗಕ್ಕೆ ಎಷ್ಟು ಗ್ರಾಂ

ಒಲೆಯ ಮೇಲೆ ತುಪ್ಪ ಕರಗುತ್ತಿದೆ. ಆ ವಾಸನೆ ಪಡಸಾಲೆಗೆ ಬಂತೆಂದರೆ ನನ್ನ ಕೈ ತಾನಾಗಿ ಕಪಾಟಿನ ಪುಟ್ಟ ತಕ್ಕಡಿಗೆ ಹೋಗುತ್ತದೆ. ಗುಂಡಿ ಒತ್ತಿದರೆ ಅಂಕಿ ತೋರಿಸುವ ತಕ್ಕಡಿ. ಗಜೇಂದ್ರಗಡದ ನಮ್ಮ ಓಣಿಗೆ ಇದನ್ನು ಮೊದಲು ತಂದವಳು ನಾನೇ ಎಂಬ ಜಂಬವೂ ಇತ್ತು. ಅದು ಇಳಿದದ್ದು ನರಗುಂದದಲ್ಲಿ, ಚಿಗವ್ವನ ಮನೆಯಲ್ಲಿ.

ಚಿಗವ್ವ ನನ್ನ ತಾಯಿಯ ತಂಗಿ. ಅವಳ ನಾನಖಟಾಯಿ ತಿನ್ನದವರು ನಮ್ಮ ಬಳಗದಲ್ಲಿಲ್ಲ. ನಮ್ಮ ಕಡೆ ಹಿಟ್ಟು, ಸಕ್ಕರೆಪುಡಿ, ತುಪ್ಪ ಹೊತ್ತು ಬೇಕರಿಗೇ ಹೋಗುತ್ತೇವೆ ನೋಡಿ. ಅಲ್ಲೇ ಕಲಸಿ, ಉಂಡೆ ಕಟ್ಟಿ, ಸುಡಿಸಿಕೊಂಡು ಬರುತ್ತೇವೆ. ಓಣಿಯ ಅರ್ಧ ಸುದ್ದಿ ಹದಕ್ಕೆ ಬರುವುದೂ ಅಲ್ಲೇ. ಚಿಗವ್ವ ಬಂದಳೆಂದರೆ ಉಳಿದ ಹೆಂಗಸರು ಮಾತು ನಿಲ್ಲಿಸಿ ಅವಳ ಕೈ ನೋಡುತ್ತಿದ್ದರು.

ಆ ಬಲಗೈಯನ್ನೇ ಲಕ್ವಾ ಹಿಡಿಯಿತು. ಅದೇ ಹೊತ್ತಿಗೆ ಲಕ್ಕಲಕಟ್ಟಿಗೆ ಕೊಟ್ಟ ಮಗಳು ಸುಮಂಗಲಾ ಬಸುರಿ. ಅವಳಿಗೆ ಬೇರೇನೂ ಬೇಡ, ಅವ್ವನ ನಾನಖಟಾಯಿ ಬೇಕು. ಮೊದಲ ಬಸುರಿನ ಬಯಕೆ ತೀರಿಸಲಾಗಲಿಲ್ಲವೆಂಬ ಸಂಕಟಕ್ಕೆ ಚಿಗವ್ವ ಊಟವನ್ನೇ ಕಡಿಮೆ ಮಾಡಿದ್ದಳು. ನಾನು ತಕ್ಕಡಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

"ಎರಡ ವಾಟಗಾ ಮೈದಾ, ಒಂದ ವಾಟಗಾ ಸಕ್ರಿಪುಡಿ, ಒಂದ ವಾಟಗಾ ಕರಗಿಸಿದ ತುಪ್ಪ. ಇದರಾಗೇನೈತಿ?" ಅಂದಳು ಚಿಗವ್ವ. ನಾನು ಅವಳ ವಾಟಗಾ, ಅಂದರೆ ಸ್ಟೀಲಿನ ಬಟ್ಟಲು, ತುಂಬಿ, ಮೊಬೈಲಿನಲ್ಲಿ ನೋಡಿ ಕಲಿತಂತೆ ಚಾಕುವಿನಿಂದ ಅಂಚು ಸವರಿ, ಸಮ ಮಾಡಿ, ತೂಗಿದೆ. ಬೇಕರಿಯಲ್ಲಿ ಉಂಡೆಗಳೆಲ್ಲ ಕರಗಿ ತಟ್ಟೆಯ ತುಂಬ ಹರಡಿಕೊಂಡವು.

"ದ್ವಾಸಿ ಹೊಯ್ದೀರೇನ್ರಿ ಅಕ್ಕಾರ?" ಅಂದ ಬೇಕರಿಯವ.

ಮನೆಗೆ ಬಂದು ಹೇಳಿದಾಗ ಚಿಗವ್ವ ನಗಲಿಲ್ಲ. "ಹಿಟ್ಟ ಹ್ಯಾಂಗ ಅಳದಿ? ತೋರಸು."

ತೋರಿಸಿದೆ.

"ಸವರಿಬಿಟ್ಟೆಲ್ಲ. ಮನೀ ಮಂದಿಗೆ ಅಳಿಯೂ ಮುಂದ ಯಾರರ ಸವರತಾರೇನ?"

ಹೌದಲ್ಲ. ನಮ್ಮಲ್ಲಿ ಅಂಚು ಸವರುವುದು ಅಂಗಡಿಯವರು. ಮನೆಯವರಿಗೆ, ಬಂದವರಿಗೆ ಅಳೆಯುವಾಗ ಕಾಳಾಗಲಿ ಹಿಟ್ಟಾಗಲಿ ಗೋಪುರದಂತೆ ಏರಿ ಚೆಲ್ಲುವವರೆಗೆ ತುಂಬಬೇಕು. ಆದರೆ ಕರಗಿದ ತುಪ್ಪ ಎಷ್ಟೇ ಪ್ರೀತಿಯಿಂದ ಸುರಿದರೂ ಅಂಚಿಗೇ ನಿಲ್ಲುತ್ತದೆ. ಹಿಟ್ಟು ಸವರಿದ್ದರಿಂದ ತುಪ್ಪದ ಪಾಲು ಹೆಚ್ಚಾಗಿತ್ತು. ಅದೇ ಊರುಕೇರಿಯಲ್ಲಿ ಬೆಳೆದ ನನಗೆ ಇದು ಹೊಳೆಯಲಿಲ್ಲ, ಚಾಕು ಹಿಡಿದಿದ್ದೆನಲ್ಲ.

"ನಾ ಸಾಕ ಅನ್ನೂತನಾ ಹಾಕು," ಎಂದು ಚಿಗವ್ವ ಕುರ್ಚಿ ಎಳೆಸಿಕೊಂಡಳು. ಒಂದು ವಾಟಗಾ ಹಿಟ್ಟು ನೂರಾ ಎಪ್ಪತ್ತು ಗ್ರಾಂ ಆದಾಗ ಸಾಕು ಅಂದಳು. ಸುರುವಿಸಿ ಮತ್ತೆ ತುಂಬಿಸಿದಳು. ಮತ್ತೆ ಹೆಚ್ಚುಕಡಿಮೆ ಅಷ್ಟೇ. ಸಕ್ಕರೆಪುಡಿಗೂ ಹಾಗೇ ಮಾಡಿಸಿದಳು. ನನಗೆ ಒಳಗೊಳಗೇ ಅಳುಕು, ಆ ಕೈಯನ್ನು ಗ್ರಾಮಿಗೆ ಇಳಿಸುವುದು ಅವಮಾನವಲ್ಲವೇ ಎಂದು. ಮೆಲ್ಲಗೆ ಹಾಗೆಂದೂ ಬಿಟ್ಟೆ.

"ಹುಚ್ಚಿ," ಅಂದಳು. "ಕೈ ಹೋತು ಅಂತ ರುಚೀನೂ ಹೋಗಬೇಕೇನ? ಆಕಡೆ ಅಂಕಿ ನೋಡು."

ಅವಳನ್ನು ನಾನು ಯಾವಾಗಲೂ ಮೆಚ್ಚುತ್ತಿದ್ದೆ. ಆ ದಿನದಷ್ಟು ಎಂದೂ ಅಲ್ಲ.

ಆ ಅಂಕಿಗಳಂತೆ ಕಲಸಿ ಸುಡಿಸಿದ ನಾನಖಟಾಯಿಯ ಡಬ್ಬಿ ಲಕ್ಕಲಕಟ್ಟಿ ಮುಟ್ಟಿತು. ಸಂಜೆ ನಾನು ಮತ್ತೊಂದು ಸಲಕ್ಕೆ ಹಿಟ್ಟು ಅಳೆಯುತ್ತಿದ್ದಾಗ ಸುಮಂಗಲಾ ಫೋನು ಮಾಡಿದಳು. ಎಲ್ಲರಿಗೂ ಕೇಳುವಂತೆ ಜೋರಾಗಿಟ್ಟೆ. ಮೊದಲು ಬರೀ ಅಗಿಯುವ ಸದ್ದು. ಆಮೇಲೆ ಸುಮಂಗಲಾ ಕೇಳಿದಳು.

"ಅವ್ವಾ, ಬಲಗೈ ಚಲೋ ಆಗೇತಿ ಅಂತ ನನಗ್ಯಾಕ ಹೇಳಲಿಲ್ಲ?"

ಚಿಗವ್ವನ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಸುಳ್ಳು ಹೇಳಿದವಳಲ್ಲ ಅವಳು. ಹಿಟ್ಟು ಮೆತ್ತಿದ ನನ್ನ ಕೈಗಳನ್ನು ಸ್ವಲ್ಪ ಹೊತ್ತು ನೋಡಿದಳು.

"ಹೂನವ್ವಾ," ಅಂದಳು, "ಈಗ ಚಲೋ ಆಗೇತಿ."

ಈಗ ಯಾರಾದರೂ ನನ್ನ ಕೈರುಚಿ ಹೊಗಳಿದರೆ, ಇದು ಚಿಗವ್ವನ ಕೈ ಎನ್ನುತ್ತೇನೆ. ಅವರು ಅದನ್ನು ವಿನಯ ಅಂದುಕೊಳ್ಳುತ್ತಾರೆ.