ನಾನು ಗಂಗೆ ದಾಟಿ ಬೆಟ್ಟಕ್ಕೆ ಹೋದದ್ದು

ಮಕ್ಕಳೇ, ನಿಮ್ಮ ದೊಡ್ಡಜ್ಜ, ಅಂದರೆ ನನ್ನ ಭಾವನವರು, ಶ್ರಾದ್ಧ ಮಾಡಿಸಲು ನಮ್ಮ ಮನೆಗೆ ಬರುವ ಯಾತ್ರಿಕರಿಗೆಲ್ಲ ನನ್ನ ವಿಷಯ ಒಂದು ಮಾತು ಹೇಳುತ್ತಿದ್ದರಂತೆ. ತಮ್ಮನ ಹೆಂಡತಿ ಕ್ಷೇತ್ರಸಂನ್ಯಾಸದಲ್ಲಿದ್ದಾಳೆ, ಪ್ರಾಣ ಹೋದರೂ ಕಾಶಿಯ ಗಡಿ ದಾಟುವುದಿಲ್ಲ ಎಂದು. ಅದನ್ನು ಕೇಳಿದವರು ಅಡುಗೆಮನೆಯ ಬಾಗಿಲಿಗೆ ಬಂದು ನನಗೆ ನಮಸ್ಕಾರ ಮಾಡುತ್ತಿದ್ದರು. ಶ್ರಾದ್ಧದ ಅಡುಗೆ ಚೆನ್ನಾಗಿತ್ತೇನೋ, ಅದಕ್ಕೇ ಇಷ್ಟು ಮರ್ಯಾದೆ ಎಂದು ನಾನು ತಿಳಿದಿದ್ದೆ.

ನಿಜ ಗೊತ್ತಾದದ್ದು ಒಂದು ವರ್ಷ ಮಳೆಗಾಲ ಮುಗಿದ ಮೇಲೆ. ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿರುವ ಮೈಸೂರಿನ ಡಾಕ್ಟರಮ್ಮ ಇಲ್ಲಿಯ ಕನ್ನಡ ಪುರೋಹಿತರ ಮನೆಗಳವರನ್ನು ಸೇರಿಸಿ ಒಂದು ದಿನದ ಪ್ರವಾಸ ಇಟ್ಟಿದ್ದರು. ವಿಂಧ್ಯದ ಬೆಟ್ಟಗಳಲ್ಲಿ ಕಾಡುಪ್ರಾಣಿಗಳ ಅಭಯಾರಣ್ಯವಿದೆ, ಒಳಗೆ ರಾಜದರಿ ಎಂಬ ಜಲಪಾತವಿದೆ, ತೋರಿಸಲು ಗೈಡ್ ಇರುತ್ತಾನೆ. ಯಾರಿಗೋ ಜ್ವರ ಬಂದು ಒಂದು ಸೀಟು ಉಳಿಯಿತು. ಡಾಕ್ಟರಮ್ಮ ಶಿವಾಲ ಘಾಟಿನ ಬಳಿಯ ನಮ್ಮ ಮನೆಗೆ ಬಂದು, ಅಮ್ಮನನ್ನು ಕಳಿಸಿ ಎಂದರು. ನಿಮ್ಮಮ್ಮ ಹಿಟ್ಟು ಕಲಸುತ್ತಿದ್ದವಳು ಕೈ ನಿಲ್ಲಿಸಿದಳು.

‘ಅತ್ತೆ ಹೇಗೆ ಬರ್ತಾರೆ? ಅವರಿಗೆ ವ್ರತ ಇದೆಯಲ್ಲ.’

‘ನನಗೆ ಯಾವ ವ್ರತ?’ ಎಂದೆ.

ಆಗ ಎಲ್ಲ ಬಿಚ್ಚಿಕೊಂಡಿತು. ನಿಮ್ಮಜ್ಜ ಹೋದ ಮರುವರ್ಷ ನೆಂಟರ ಮದುವೆಯೊಂದಕ್ಕೆ ಎಲ್ಲರೂ ಜೀಪಿನಲ್ಲಿ ಹೊರಟಿದ್ದರು. ನಾನು ಕಾಶಿ ಬಿಟ್ಟು ಎಲ್ಲಿಗೂ ಬರುವುದಿಲ್ಲ ಎಂದುಬಿಟ್ಟೆ. ಜೀಪಿನಲ್ಲಿ ಕೂತರೆ ನನಗೆ ವಾಂತಿ. ಗಂಡಸರ ಎದುರು ವಾಂತಿಯ ಮಾತು ಆಡಲು ನಾಚಿಕೆಯಾಗಿ ಅಷ್ಟಕ್ಕೇ ನಿಲ್ಲಿಸಿದ್ದೆ. ಗಂಡ ಹೋದವಳು, ಕಾಶಿಯಲ್ಲೇ ಪ್ರಾಣ ಬಿಡಬೇಕೆಂದು ನಿಶ್ಚಯ ಮಾಡಿದ್ದಾಳೆ ಎಂದು ಭಾವನವರು ತಿಳಿದರು. ಅಲ್ಲಿಂದ ಮುಂದೆ ನನ್ನನ್ನು ಯಾರೂ ಎಲ್ಲಿಗೂ ಕರೆಯಲಿಲ್ಲ. ಮನೆ ಕಾಯಲು ಒಬ್ಬರು ಬೇಕಲ್ಲ ಎಂದು ನಾನೂ ಸುಮ್ಮನಿದ್ದೆ.

ನನಗೆ ಹೋಗಬೇಕಿತ್ತು, ಮಕ್ಕಳೇ. ನನ್ನ ತೌರೂರು ಬರೀ ಬಯಲು. ಶಾಲೆಯ ಪುಸ್ತಕದಲ್ಲಿ ಜಲಪಾತದ ಪಾಠ ಬಂದಾಗ ಮೇಷ್ಟ್ರು ಹೊರಗೆ ಕರೆದುಕೊಂಡು ಹೋಗಿ, ಒಂದು ಕೊಡ ನೀರನ್ನು ಗೋಡೆಯ ಮೇಲಿಂದ ಸುರಿದು ತೋರಿಸಿದ್ದರು. ಕಾಶಿಗೆ ಬಂದ ಮೇಲೆ ನೀರು ಬೇಕಾದಷ್ಟು ಕಂಡೆ, ಆದರೆ ಎಲ್ಲ ಮಲಗಿಕೊಂಡೇ ಹರಿಯುವ ನೀರು.

ಭಾವನವರನ್ನು ಕೇಳಬೇಕಲ್ಲ. ನಾನು ಮದುವೆಯಾಗಿ ಬಂದ ದಿನದಿಂದ ಅವರೊಡನೆ ನೇರ ಮಾತಾಡಿದವಳಲ್ಲ, ನಮ್ಮಲ್ಲಿ ಅದು ಹಾಗೆ. ಅವರು ಮುಂದಿನ ಕೋಣೆಯಲ್ಲಿ, ನಾನು ಬಾಗಿಲ ಹಿಂದೆ, ನಡುವೆ ನಿಮ್ಮಮ್ಮ. ಇಬ್ಬರ ಮಾತೂ ಇಬ್ಬರಿಗೂ ಚೆನ್ನಾಗಿ ಕೇಳಿಸುತ್ತಿತ್ತು.

‘ಗಂಗೆಯ ಆಚೆ ದಡದಲ್ಲಿ ಸತ್ತರೆ ಕತ್ತೆಯಾಗಿ ಹುಟ್ಟಬೇಕಾಗುತ್ತೆ, ಗೊತ್ತಿದೆಯಾ ಕೇಳು’ ಎಂದರು.

‘ಸಾಯೋಕೆ ಹೋಗ್ತಿಲ್ಲ, ನೋಡೋಕೆ ಹೋಗ್ತಿರೋದು ಅಂತ ಹೇಳು’ ಎಂದೆ.

‘ಮತ್ತೆ ವ್ರತ?’

‘ಸಂಕಲ್ಪ ಇಲ್ಲದೆ ವ್ರತ ಉಂಟಾ? ಈ ಮನೇಲಿ ಸಂಕಲ್ಪ ಮಾಡಿಸೋರು ಅವರೇ. ನನಗೆ ಮಾಡಿಸಿದ ನೆನಪಿದೆಯಾ ಕೇಳು.’

ನಿಮ್ಮಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಕೊನೆಗೆ ಅವರು, ಹೋಗಿ ಬರಲಿ, ಆದರೆ ಅವತ್ತೇ ಹುಬ್ಬಳ್ಳಿಯ ಯಾತ್ರಿಕರು ಬರುತ್ತಿದ್ದಾರೆ, ಅವರಿಗೆ ಫೋನಿನಲ್ಲೇ ಇವಳ ವ್ರತದ ವಿಷಯ ಹೇಳಿಯಾಗಿದೆ, ಈಗ ಯಾವ ಮುಖ ಇಟ್ಟುಕೊಂಡು ಏನು ಹೇಳಲಿ ಎಂದರು.

ಹಾಗೆಯೇ ಹೊರಟೆ. ಬೆಳಗ್ಗೆ ಸೋನಾರ್‌ಪುರದ ರಸ್ತೆಯಲ್ಲಿ ಗಾಡಿ ಹತ್ತಿ, ಮುಂದಿನ ಸೀಟಿನಲ್ಲಿ ಕೂತು, ಬಾಯಲ್ಲಿ ಶುಂಠಿ ಇಟ್ಟುಕೊಂಡೆ. ಸೇತುವೆ ದಾಟುವಾಗ ಡಾಕ್ಟರಮ್ಮ ಹಿಂದಿನಿಂದ ಬಗ್ಗಿ, ‘ಅಮ್ಮ, ನಾಡಿ ನೋಡ್ಲಾ? ಇಲ್ಲಿಂದ ಮುಂದೆ ಕತ್ತೆಯ ಸೀಮೆ’ ಎಂದರು. ಗಾಡಿಯೆಲ್ಲ ನಕ್ಕಿತು. ನನಗೂ ನಗು ಬಂತು, ಆದರೆ ಉಸಿರು ಬಿಗಿ ಹಿಡಿದೇ ದಾಟಿದೆ.

ಬೆಟ್ಟದ ಬುಡದಲ್ಲಿ ಗೈಡ್ ಹತ್ತಿಕೊಂಡ. ತಲೆಗೆ ಟವೆಲ್ ಸುತ್ತಿದ್ದ ನಡುವಯಸ್ಸಿನವನು. ಬಾಯಿ ಮುಚ್ಚಿಕೊಂಡಿದ್ದರೆ ಜಿಂಕೆ, ಕಡವೆ ಕಾಣಬಹುದು ಎಂದು ಹಿಂದಿಯಲ್ಲಿ ಹೇಳಿದ. ಅವನು ಹೇಳಿ ಮುಗಿಸುವುದರೊಳಗೆ ನಮ್ಮವರು ಪುಳಿಯೋಗರೆಯ ಡಬ್ಬಿ ಬಿಚ್ಚಿ, ಯಾರ ಗೊಜ್ಜಿಗೆ ಬೆಲ್ಲ ಹೆಚ್ಚು ಎಂಬ ವಾದಕ್ಕೆ ಇಳಿದಿದ್ದರು. ಒಂದು ಜಿಂಕೆಯೂ ಕಾಣಲಿಲ್ಲ. ಹಿಪ್ಪೆ ಮರದ ಮೇಲೆ ಕರಡಿ ಪರಚಿದ ಗುರುತು ತೋರಿಸಿ ಆ ಗೈಡ್, ನಿಮ್ಮ ಗಲಾಟೆ ಕೇಳಿ ಆ ಕರಡಿಯೂ ಕಾಶೀವಾಸಕ್ಕೆ ಹೋಗಿರಬೇಕು ಎಂದ.

ಜಲಪಾತ ಕಾಣುವ ಮೊದಲು ಕೇಳಿಸಿತು. ದೊಡ್ಡ ಬಾಣಲೆಯಲ್ಲಿ ಒಟ್ಟಿಗೆ ನೂರು ಹಪ್ಪಳ ಬಿಟ್ಟ ಹಾಗೆ. ತಿರುವಿನಲ್ಲಿ ನೋಡಿದರೆ ಬಂಡೆಯಿಂದ ಬಂಡೆಗೆ ಬಿದ್ದು, ಎದ್ದು, ಮತ್ತೆ ಬೀಳುತ್ತಿತ್ತು. ಮೇಷ್ಟ್ರ ಕೊಡವನ್ನು ನೆನೆದು ಪಾಪ ಅನ್ನಿಸಿತು. ಗೈಡ್ ಹೇಳಿದ ಜಾಗದಲ್ಲಿ ನಾವು ಹೆಂಗಸರು ಕಾಲು ಇಳಿಬಿಟ್ಟು ಕೂತೆವು. ಅಭ್ಯಾಸಬಲದಿಂದ ಎಲ್ಲರೂ ನೀರನ್ನು ತಲೆಗೂ ಚಿಮುಕಿಸಿಕೊಂಡೆವು. ಆಮೇಲೆ ಅವನು ಸಾವಕಾಶವಾಗಿ, ಈ ಹೊಳೆ ಮುಂದೆ ಹೋಗಿ ಕರ್ಮನಾಶಾ ನದಿಯನ್ನು ಸೇರುತ್ತದೆ ಎಂದ.

ಕರ್ಮನಾಶೆಯ ನೀರು ಮುಟ್ಟಿದರೆ ಸಂಪಾದಿಸಿದ ಪುಣ್ಯವೆಲ್ಲ ಹೋಗುತ್ತದೆ ಎಂದು ಕಾಶಿಯ ಕಡೆ ನಂಬಿಕೆ. ಪುರೋಹಿತರ ಮನೆಯ ಅಷ್ಟೂ ಕಾಲುಗಳು ಒಟ್ಟಿಗೆ ಮೇಲೆದ್ದವು. ನನ್ನವು ಏಳಲಿಲ್ಲ. ನೀರು ಅಷ್ಟು ತಣ್ಣಗೆ, ಹಿತವಾಗಿತ್ತು.

‘ಸೇರೋದು ಮುಂದೆ ತಾನೇ? ಇಲ್ಲಿ ಇನ್ನೂ ಸೇರಿಲ್ಲವಲ್ಲ’ ಎಂದೆ.

ಡಾಕ್ಟರಮ್ಮ ಮೊದಲು ಕಾಲು ಇಳಿಸಿದರು. ಆಮೇಲೆ ಒಬ್ಬೊಬ್ಬರೇ.

ಸಂಜೆ ಗಲ್ಲಿ ದಾಟಿ ಮನೆಗೆ ಬಂದೆ. ಹುಬ್ಬಳ್ಳಿಯವರು ಮುಂದಿನ ಕೋಣೆಯಲ್ಲೇ ಕೂತಿದ್ದರು. ನನ್ನ ಸೀರೆಯ ಅಂಚಿನ ತುಂಬ ಕೆಸರು. ಮೆಲ್ಲಗೆ ಒಳಗೆ ಸರಿಯಬೇಕೆಂದಿದ್ದೆ, ಭಾವನವರೇ ಅವರಿಗೆ ಹೇಳಿಬಿಟ್ಟರು.

‘ಇವಳೇ. ವ್ರತ ಗಿತ ಏನಿಲ್ಲ, ನಾನೇ ತಪ್ಪು ತಿಳಿದಿದ್ದೆ. ಬೆಟ್ಟ ನೋಡಿ ಬಂದಿದ್ದಾಳೆ.’

ನನಗೆ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು. ಹುಬ್ಬಳ್ಳಿಯಾಕೆ ಮಾತ್ರ ಎದ್ದು ಹತ್ತಿರ ಬಂದಳು.

‘ಹ್ಯಾಂಗ ಹೋಗೋದ್ರಿ ಅಲ್ಲಿಗೆ? ನಾಡಿದ್ದ ನಮಗೂ ಒಂದಿನ ಖಾಲಿ ಅದ.’

ದಾರಿ ಹೇಳಿದೆ. ಇನ್ನೊಂದು ಸೀರೆ ಇಟ್ಟುಕೊಳ್ಳಿ, ಒದ್ದೆಯಾಗುತ್ತದೆ ಎಂದೆ. ಕಾಡಿನಲ್ಲಿ ಡಬ್ಬಿ ಬಿಚ್ಚಬೇಡಿ ಎಂದೂ ಹೇಳಿದೆ. ಅಷ್ಟು ಮಾತನ್ನು ನಾನು ಆ ಕೋಣೆಯಲ್ಲಿ ಎಂದೂ ಆಡಿರಲಿಲ್ಲ. ಭಾವನವರು ಜಪಮಣಿ ಎಣಿಸುತ್ತ ಕೂತಿದ್ದವರು, ಮಂಡಿ ನೀವಿಕೊಂಡು, ಎರಡು ಮಾರು ದೂರದಲ್ಲಿದ್ದ ನನ್ನನ್ನು ಬಿಟ್ಟು ಆ ಹೆಂಗಸಿನ ಕಡೆ ತಿರುಗಿದರು.

‘ಮಂಡಿನೋವು ಇರೋರು ಅಲ್ಲಿ ಇಳಿಯಬಹುದಾ ಅಂತ ಕೇಳಿ.’

ಆಕೆ ನಮ್ಮಿಬ್ಬರನ್ನೂ ಪಿಳಿಪಿಳಿ ನೋಡಿದಳು.

‘ನಿಧಾನಕ್ಕೆ ಇಳಿದರೆ ಆಗುತ್ತೆ, ಕೋಲು ತಗೊಂಡು ಹೋಗಬೇಕು ಅಂತ ಹೇಳಿ’ ಎಂದೆ.