ಮೆಗಾ ಬ್ಲಾಕಿನ ದಿನದ ಕಥೆಗಾರ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಘಾಟ್ಕೋಪರ್ ಸ್ಟೇಷನ್ನಿನ ಸೇತುವೆಯ ಮೇಲೆ ಜನ ಒಬ್ಬರನ್ನೊಬ್ಬರು ತಳ್ಳಿಕೊಂಡು ಓಡುತ್ತಿದ್ದಾರೆ. ಕಂಬಿ ಹಿಡಿದು ನಿಂತ ಹಿರಿಯರೊಬ್ಬರಿಗೆ ಮಾತ್ರ ಯಾವ ರೈಲನ್ನೂ ಹಿಡಿಯಬೇಕಾಗಿಲ್ಲ. ಕೆಳಗೆ ಬಂದು ನಿಂತ ಸ್ಲೋ ಲೋಕಲ್ಲನ್ನು ನೋಡಿ, ‘ಪಾಪ, ಇದಕ್ಕ ರಾತ್ರಿ ನಿದ್ದಿನೇ ಆಗಿಲ್ಲ ನೋಡ್ರಿ’ ಎನ್ನುತ್ತಾರೆ. ಇವರು ಬೀದರ ಕಡೆಯ ರೆವರೆಂಡ್ ಚಂದ್ರಾಮ, ಇಲ್ಲಿನ ಪುಟ್ಟ ಕನ್ನಡ ಚರ್ಚಿನ ಪಾಸ್ಟರ್. ಮಕ್ಕಳಿಗಾಗಿ ರೈಲಿನ ಕಥೆ ಬರೆಯುವುದು ಇವರ ಹುಚ್ಚು. ಹಾಗೆಂದರೆ ಬೇಸರವೇನೂ ಪಟ್ಟುಕೊಳ್ಳುವುದಿಲ್ಲ.

ಹುಚ್ಚು ಹಿಡಿಸಿದ್ದು ಮೆಗಾ ಬ್ಲಾಕ್. ಭಾನುವಾರ ಹಳಿ ರಿಪೇರಿಗೆಂದು ರೈಲು ನಿಲ್ಲಿಸಿದರೆ ದೂರದಿಂದ ಬರಬೇಕಾದ ಚರ್ಚಿನ ಸಭೆಯ ಜನರೆಲ್ಲ ದಾರಿಯಲ್ಲೇ ಸಿಕ್ಕಿಬೀಳುತ್ತಿದ್ದರು. ಕಟ್ಟಡ ಕೆಲಸ, ಮನೆಗೆಲಸದ ಜನ, ವಾರಕ್ಕೊಂದೇ ರಜೆ. ಅಕ್ಕಪಕ್ಕದ ಚಾಳಿನ ಮಕ್ಕಳು ಮಾತ್ರ ಮೊದಲೇ ಬಂದು ಚರ್ಚನ್ನು ಸಂತೆ ಮಾಡುತ್ತಿದ್ದರು. ‘ರೈಲ್ ಯಾಕ್ ಲೇಟ್ ಆಯ್ತು, ಗೊತ್ತದೇನು?’ ಎಂದು ಅವರನ್ನು ಕೂರಿಸಿದ್ದೇ ಮೊದಲ ಕಥೆ. ಪುಸ್ತಕ ಇನ್ನೂ ಆಗಿಲ್ಲ. ಝೆರಾಕ್ಸ್ ಹಾಳೆಗಳು ಮನೆಮನೆ ಸುತ್ತುತ್ತವೆ.

ಪ್ರತಿ ಕಥೆಗೂ ಮನೆಯಲ್ಲೊಂದು ಪರೀಕ್ಷೆ ಇತ್ತು. ಹೆಂಡತಿ ಸುಂದ್ರವ್ವ ಜೋಳದ ರೊಟ್ಟಿ ಬಡಿಯುವಾಗ ಪಾಸ್ಟರ್ ಪಕ್ಕದಲ್ಲಿ ಕೂತು ಓದುತ್ತಿದ್ದರು. ಬಡಿಯುವ ಕೈ ನಿಂತರೆ ಕಥೆ ಪಾಸು, ಇಲ್ಲದಿದ್ದರೆ ಹಾಳೆ ಹರಿದಂತೆಯೇ. ‘ನಮ್ ಪಾಸ್ಟರ್ ಮಂದಿದು ಇದೇ ರೋಗರಿ,’ ನಗುತ್ತಾರೆ. ‘ಕಥಿ ಹೇಳ್ತಾ ಹೇಳ್ತಾ ಉಪದೇಶಕ್ಕ ಇಳೀತೀವಿ. ನನಗ ತಿಳೀತಿದ್ದಿಲ್ಲ. ಅಕಿ ಥಟ್ ಅಂತ ಹಿಡೀತಿದ್ಳು. “ಸಾಕ್ ಮಾಡ್ರಿ, ರೈಲಿಗಿ ದೀಕ್ಷಾಸ್ನಾನ ಮಾಡಸ್ಲಾಕ್ ಹತ್ತೀರಿ” ಅಂತಿದ್ಳು.’

ಸುಂದ್ರವ್ವ ತೀರಿಕೊಂಡು ಎರಡು ವರ್ಷ. ಈಗ ರೊಟ್ಟಿ ಖಾನಾವಳಿಯಿಂದ ಬರುತ್ತದೆ. ಬರೆಯುವುದು ನಿಂತಿಲ್ಲ, ಬರೆದದ್ದು ಕಥೆಯಾಯಿತೋ ಇಲ್ಲವೋ ಹೇಳುವವರೇ ಇಲ್ಲ. ಕಥೆಗಳು ಹೇಗಿರುತ್ತವೆಂದು ಪಾಸ್ಟರ್ ಎದುರಲ್ಲೇ ಸಭೆಯ ಹಿರಿಯ ಕಾಶಿನಾಥರನ್ನು ಕೇಳಿದೆ. ‘ಪಾಸ್ಟರ್ ಸಾಬ್ರ ಕಥಿ ಎಲ್ಲಾ ಏಕ್‌ದಮ್ ಮಸ್ತ್ ಇರ್ತಾವ್ರಿ’ ಎಂದರು. ಹೊಗಳಿಕೆ ನಿಜವೇ. ಆದರೆ ಅದನ್ನು ಕೇಳಿ ಪಾಸ್ಟರ್ ಮುಖ ಇನ್ನಷ್ಟು ಸಪ್ಪಗಾಯಿತು.

ಹೋದ ಭಾನುವಾರ ಹೊಸ ಕಥೆ ಹೇಳಿದ್ದಾರೆ. ದಿನವೂ ಪಕ್ಕದ ವಿದ್ಯಾವಿಹಾರ ಸ್ಟೇಷನ್ನಿನಲ್ಲಿ ನಿಲ್ಲದೆ ಓಡುವ ಫಾಸ್ಟ್ ಲೋಕಲ್ಲಿಗೆ ಒಮ್ಮೆಯಾದರೂ ಅಲ್ಲಿ ನಿಲ್ಲುವ ಆಸೆ. ಇದೆಲ್ಲ ಪುಸ್ತಕವಾಗಬೇಕೆಂದು ಆಸೆಯಿಲ್ಲವೇ ಎಂದೆ. ಬೇಡವೆಂಬಂತೆ ಕೈಯಾಡಿಸಿದರು.

‘ಕಡೀಕ್ ಆ ರೈಲು, ನಿಲ್ಲದೆ ಓಡಿದ್ದು ತನ್ನ ಪಾಪ ಅಂತ ಒಪ್ಕೊಂಡು ಅತ್ತು ಬಿಡ್ತರಿ. ಮಕ್ಕಳು ಚಪ್ಪಾಳಿ ಹೊಡದ್ರು, ದೊಡ್ಡೋರು ಆಮೆನ್ ಅಂದ್ರು. ಮತ್ತ ಉಪದೇಶ ಆಯ್ತೇನೋ ಅಂತ ನನಗ ಡೌಟು. ಒಬ್ಬರರೆ ಸಾಕ್ ಮಾಡ್ರಿ ಅನಬೇಕಿತ್ತು. ಮನಿಗಿ ಬಂದು, ಒಲಿ ಕಡಿ ಮಾರಿ ಮಾಡಿ ಕುಂತು, ಇನ್ನೊಮ್ಮೆ ಓದದೆ. ಗಟ್ಟಿಯಾಗೇ ಓದದೆ.’