ನೀರು ಹಾಕುವ ಹನುಮಮ್ಮನ ಕಾಲಿಗೆ ನುಸಿ ಕಚ್ಚಿದ್ದು

ಗುಬ್ಬಿಯ ಕೋಟೆ ಕಡೆಯ ನಾಲ್ಕು ಬೀದಿಯಲ್ಲಿ ಮಗು ಹುಟ್ಟಿತು ಅಂದರೆ ಮೊದಲು ಹೇಳಿ ಕಳಿಸುವುದು ಹನುಮಮ್ಮನಿಗೆ. ಮೂವತ್ತೆಂಟು ವರ್ಷದಿಂದ ಇದೇ ಅವಳ ಕಸುಬು. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವುದು, ಬಾಣಂತಿಗೆ ಬೆನ್ನು ಸೊಂಟ ನೀವಿ ನೀರು ಹಾಕುವುದು. ಬಚ್ಚಲಲ್ಲಿ ಗಿಡ್ಡ ಮಣೆ ಹಾಕಿಕೊಂಡು, ಸೀರೆಯನ್ನು ಮಂಡಿ ತನಕ ಎತ್ತಿ ಸಿಕ್ಕಿಸಿ, ಎರಡು ಕಾಲೂ ನೀಡಿ ಜೋಡಿಸಿ ಕೂತಳು ಅಂದರೆ ಅದೇ ಕೂಸಿನ ತೊಟ್ಟಿಲು. ಮಂಡಿಯಿಂದ ಕೆಳಗೆ ಪಾದದವರೆಗೆ ಮಗು ಮಲಗುತ್ತದೆ, ತಲೆ ಪಾದದ ಕಡೆ. ಎಂಟು ದಿನದ ಕೂಸೂ ಜಾರಿದ್ದಿಲ್ಲ. ಅವಳ ಆಸ್ತಿ ಅಂದರೆ ಆ ಎರಡು ಕಾಲು.

ಹೋದ ದಸರಾ ರಜದಲ್ಲಿ ಮಗಳು ಅರುಣಾ ಕುಣಿಗಲ್‌ನಿಂದ ಬಂದು, ಅವ್ವ ನೀನು ಒಂದು ದಿನ ರಜ ಅಂತ ಕಂಡೋಳಲ್ಲ, ಸಮುದ್ರ ನೋಡಿದೋಳಲ್ಲ, ಈ ಸಲ ನಮ್ಮ ಜೊತೆ ಹೊರಡು ಅಂದಳು. ಹನುಮಮ್ಮ ಲೆಕ್ಕ ಹಾಕಿದಳು. ಕೈಯಲ್ಲಿ ಇದ್ದದ್ದು ಎರಡು ತಿಂಗಳ ಒಂದು ಮಗು, ಅದರ ಅಜ್ಜಿಯೇ ಒಂದು ಹತ್ತು ದಿನ ನೋಡಿಕೊಳ್ಳುತ್ತಾಳೆ. ಮುಂದಿನದು ಶಕುಂತಲಮ್ಮನ ಮಗಳು ಸುಮನಾಳ ಹೆರಿಗೆ, ಅದು ದೀಪಾವಳಿ ಕಳೆದ ಮೇಲೆ. ಆ ಸುಮನಾಗೆ ಇಪ್ಪತ್ತಾರು ವರ್ಷದ ಹಿಂದೆ ಇದೇ ಕಾಲ ಮೇಲೆ ನೀರು ಹಾಕಿದ್ದಳು. ತಾನು ನೀರು ಹಾಕಿದ ಕೂಸಿನ ಕೂಸಿಗೂ ನೀರು ಹಾಕುವುದು ಅವಳಿಗೆ ಅದೇ ಮೊದಲು. ಅದಕ್ಕೆ ಇನ್ನೂ ಇಪ್ಪತ್ತು ದಿನ ಇದೆ ಅಂದುಕೊಂಡು ಹೊರಟಳು.

ಹೊನ್ನಾವರದ ಕಡೆ ಒಂದು ಊರು, ತೆಂಗಿನ ತೋಟದೊಳಗೆ ಮನೆ, ಮನೆ ಮುಂದೆ ಮರಳು, ಮರಳಿನಾಚೆ ನೀರು. ಹೋದ ಗಳಿಗೆಯಿಂದ ಸಮುದ್ರಕ್ಕಿಂತ ಹುಳದ ಮಾತೇ ಹೆಚ್ಚಾಯಿತು. ಮೊಮ್ಮಗಳು ತನುಶ್ರೀ ತುಮಕೂರಿನ ಕಾಲೇಜಿನಲ್ಲಿ ಓದುವವಳು, ಫೋನಿನಲ್ಲಿ ಎಲ್ಲಾ ನೋಡಿಕೊಂಡು ಬಂದಿದ್ದಳು. ಕಡಲ ದಂಡೆಯಲ್ಲಿ ಸೊಳ್ಳೆಗಿಂತ ಸಣ್ಣದೊಂದು ಹುಳ ಇರುತ್ತದಂತೆ, ಕಣ್ಣಿಗೆ ಕಾಣುವುದಿಲ್ಲವಂತೆ, ಕಚ್ಚಿದಾಗ ಗೊತ್ತೂ ಆಗುವುದಿಲ್ಲವಂತೆ. ಅದಕ್ಕೇ ಬರಿ ಮರಳ ಮೇಲೆ ಕೂರಬಾರದು. ಬೆಳಗಿನ ಜಾವ ಮತ್ತು ಹೊತ್ತು ಮುಳುಗೋ ಹೊತ್ತಲ್ಲಿ ಹೊರಗೆ ಇರಬಾರದು. ತುಂಬು ತೋಳು ಹಾಕಬೇಕು, ಮುಲಾಮು ಹಚ್ಚಬೇಕು, ಕಾಲಿಗೆ ಉದ್ದ ಸಾಕ್ಸ್ ಏರಿಸಬೇಕು.

ಹನುಮಮ್ಮ ಹುಳಕ್ಕೆ ಹೆದರದೆ ಬಂದವಳೇನಲ್ಲ. ಮನೆಯಿಂದಲೇ ಒಂದು ಕಂತೆ ಒಣಗಿದ ಲಕ್ಕಿ ಸೊಪ್ಪು ತಂದಿದ್ದಳು. ಕೆಂಡದ ಮೇಲೆ ಹಾಕಿ ಹೊಗೆ ಎಬ್ಬಿಸಿದರೆ ದನದ ಕೊಟ್ಟಿಗೆಯಲ್ಲೂ ಒಂದು ಸೊಳ್ಳೆ ನಿಲ್ಲುವುದಿಲ್ಲ. ಆದರೆ ಆ ಮನೆಗೆ ತೆಂಗಿನ ಗರಿಯ ಚಾವಣಿ. ಮನೆ ನೋಡಿಕೊಳ್ಳುವ ಹೆಂಗಸು ಕೈ ಮುಗಿದು, ಬೆಂಕಿ ಮಾತ್ರ ಬೇಡ, ನುಸಿ ಇಲ್ಲಿ ಇರೋದೇ, ಗಾಳಿ ಬೀಸಿದರೆ ಹೋಗುತ್ತೆ ಅಂದಳು. ಕಂತೆ ಚೀಲದಲ್ಲೇ ಉಳಿಯಿತು.

ಹಾಗಾಗಿ ಹನುಮಮ್ಮ ಅರವತ್ನಾಲ್ಕನೇ ವಯಸ್ಸಿನಲ್ಲಿ ಮೊದಲ ಸಲ ಸಮುದ್ರ ನೋಡಿದ್ದು ಅಳಿಯನ ತುಂಬು ತೋಳಿನ ಸ್ವೆಟರ್, ಮೊಮ್ಮಗಳ ಹಳೇ ಸ್ಕೂಲ್ ಸಾಕ್ಸ್ ಹಾಕಿಕೊಂಡು, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ನೀರಿನಿಂದ ನಲವತ್ತು ಹೆಜ್ಜೆ ದೂರದಲ್ಲಿ. ಬೆವರಿಗೆ ಮುಲಾಮು ಕರಗಿ ಕಣ್ಣಿಗೆ ಇಳಿಯಿತು. ಸಂಜೆ ಐದೂವರೆ ಆದರೆ ತನುಶ್ರೀ ಬಂದು ಕುರ್ಚಿ ಸಮೇತ ಎಬ್ಬಿಸುತ್ತಿದ್ದಳು. ಎಲ್ಲರೂ ಕೋಣೆಯೊಳಗೆ ಕಿಟಕಿ ಹಾಕಿಕೊಂಡು ಫ್ಯಾನ್ ಕೆಳಗೆ ಕೂರಬೇಕು. ಹೊರಗೆ ಅಲೆಯ ಸದ್ದು, ಒಳಗೆ ಅಳಿಯ ರಂಗನಾಥ್ ಫೋನಿನಲ್ಲಿ ಬೇರೆ ಯಾವುದೋ ಸಮುದ್ರದ ವಿಡಿಯೋ ನೋಡುತ್ತಿದ್ದ. ಇದನ್ನು ಕುಣಿಗಲ್‌ನಲ್ಲೇ ಕೂತು ನೋಡಬಹುದಿತ್ತಲ್ಲಪ್ಪಾ ಅಂದಳು ಹನುಮಮ್ಮ. ಅಳಿಯ ನಕ್ಕ, ಕಿಟಕಿ ತೆಗೆಯಲಿಲ್ಲ.

ಮೂರನೆಯ ದಿನ, ಶನಿವಾರ, ಅವಳಿಗೆ ತಡೆಯಲಿಲ್ಲ. ನಾಳೆ ಬೆಳಿಗ್ಗೆ ಹೊರಡುವುದು. ಇಷ್ಟು ದೂರ ಬಂದು ಕಾಲು ನೆನೆಸದೆ ಹೋದರೆ ಏನು ಬಂದ ಹಾಗಾಯಿತು? ನಾಲ್ಕೂಮುಕ್ಕಾಲಿಗೆ ಮಗಳೂ ಮೊಮ್ಮಗಳೂ ಅಂಗಡಿಗೆ ಹೋದದ್ದನ್ನು ನೋಡಿ ಸಾಕ್ಸ್ ಕಳಚಿ, ಮಡಚಿ ಸೊಂಟಕ್ಕೆ ಸಿಕ್ಕಿಸಿ, ನೀರಿಗೆ ಇಳಿದಳು. ಮಂಡಿ ತನಕ. ನೀರು ಬೆಚ್ಚಗಿತ್ತು. ಕೂಸಿಗೆ ಹಾಕುವುದಕ್ಕಿಂತ ಒಂದು ಚೂರು ಕಡಿಮೆ ಅಂತ ಅವಳ ಕಾಲು ತಾನೇ ಅಳೆಯಿತು. ಅಲೆ ಹಿಂದಕ್ಕೆ ಹೋಗುವಾಗ ಪಾದದಡಿಯ ಮರಳು ಎಳೆದುಕೊಂಡು ಹೋಗುತ್ತಿತ್ತು. ಅವಳಿಗೆ ನಗು ಬಂತು.

ಆಮೇಲೆ ಮಾಡಿದ್ದೇ ತಪ್ಪು. ಹಾಗೇ ಹೋಗಿ ಕಾಲು ತೊಳೆದಿದ್ದರೆ ಮುಗಿದಿತ್ತು. ಬೇರೆಯವರ ಮನೆಯೊಳಗೆ ಮರಳು ತುಳಿದುಕೊಂಡು ಹೋಗುವುದು ಅವಳಿಗೆ ಸರಿಬೀಳಲಿಲ್ಲ. ಕಾಲು ಒಣಗಲಿ, ಮರಳು ತಾನೇ ಉದುರುತ್ತೆ ಅಂತ ದಂಡೆಯ ಮೇಲೆ ಎರಡು ಕಾಲೂ ನೀಡಿ ಕೂತಳು, ಮಣೆಯ ಮೇಲೆ ಕೂರುವ ಹಾಗೇ. ಹೊತ್ತು ಮುಳುಗುವ ತನಕ ಕೂತಳು. ಒಂದು ಹುಳ ಕಾಣಲಿಲ್ಲ, ಒಂದು ಚುಚ್ಚು ಗೊತ್ತಾಗಲಿಲ್ಲ.

ಭಾನುವಾರ ಕಾರಿನಲ್ಲಿ ಶುರುವಾಯಿತು ನವೆ. ಗುಬ್ಬಿಗೆ ಬಂದು ಇಳಿಯುವ ಹೊತ್ತಿಗೆ ಗುಳ್ಳೆ ಎದ್ದಿದ್ದವು. ಸೋಮವಾರ ಬೆಳಕಿನಲ್ಲಿ ಎಣಿಸಿದಳು. ಎಡಗಾಲಿಗೆ ಮೂವತ್ತೊಂದು, ಬಲಗಾಲಿಗೆ ಇಪ್ಪತ್ತೆರಡು. ಎಲ್ಲಾ ಮಂಡಿಯ ಕೆಳಗೆ. ಕೆಂಪಗೆ, ತುದಿಯಲ್ಲಿ ನೀರು ತುಂಬಿ. ಕೆರೆಯಬಾರದು ಅಂತ ಅವಳಿಗೆ ಗೊತ್ತು, ಕೆರೆದರೆ ಕೀವಾಗುತ್ತದೆ, ಕೀವಾದರೆ ಕೂಸು ಮುಟ್ಟುವ ಹಾಗಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ, ಎರಡು ಕೈಯನ್ನೂ ತೊಡೆ ಕೆಳಗೆ ಇಟ್ಟುಕೊಂಡು ಕೂತಳು. ಇನ್ನೂ ಹದಿನಾರು ದಿನ ಇದೆಯಲ್ಲ ಅನ್ನುವುದೇ ಧೈರ್ಯ.

ಅವತ್ತೇ ಮಧ್ಯಾಹ್ನ ಶಕುಂತಲಮ್ಮನ ಮನೆಯಿಂದ ಹೇಳಿಕೆ ಬಂತು. ಸುಮನಾಗೆ ದಿನ ತುಂಬುವ ಮುಂಚೆ ಶುಕ್ರವಾರವೇ ತುಮಕೂರಿನಲ್ಲಿ ಹೆರಿಗೆ ಆಗಿದೆ, ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. ಈ ಶುಕ್ರವಾರ ನೀರು ಶುರು ಮಾಡಬೇಕು.

ನಾಲ್ಕು ದಿನ ಹನುಮಮ್ಮ ನವೆಯನ್ನು ಹಲ್ಲು ಕಚ್ಚಿ ತಡೆದಳು. ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ, ಉಗುರು ತೆಗೆದು, ಹರಳೆಣ್ಣೆ ಬಾಟಲಿ ಹಿಡಿದು ಹೋದಳು. ಬಾಣಂತಿ ಮನೆಗೆ ಹೋದರೆ ಬಾಗಿಲಲ್ಲೇ ಕಾಲು ತೊಳೆಯಬೇಕು. ಸೀರೆ ಎತ್ತಿ ಚೊಂಬು ಬಗ್ಗಿಸಿದಳು. ಬಾಗಿಲಲ್ಲಿ ನಿಂತಿದ್ದ ಶಕುಂತಲಮ್ಮನ ಕಣ್ಣು ಅಲ್ಲಿಗೇ ಹೋಯಿತು.

ಶಕುಂತಲಮ್ಮ ಕೂಗಾಡಲಿಲ್ಲ. ಹಾಗೆ ಮಾಡಿದ್ದರೆ ಹನುಮಮ್ಮನೂ ಎರಡು ಮಾತಾಡುತ್ತಿದ್ದಳು. ಆಕೆ ಸೆರಗು ಹೊದ್ದು ಎರಡೂ ಕೈ ಜೋಡಿಸಿದಳು. ಸಿಡುಬಿನ ಗುಳ್ಳೆ ಎದ್ದರೆ ನಮ್ಮ ಕಡೆ ಅಮ್ಮ ಬಂದಿದ್ದಾಳೆ ಅನ್ನುವುದು. ಅದು ರೋಗ ಅಲ್ಲ, ದೇವತೆ ಮೈಮೇಲೆ ಬಂದು ಕೂತಿರುವುದು. ಬೈಯುವ ಹಾಗಿಲ್ಲ, ಅಲ್ಲ ಅನ್ನುವ ಹಾಗಿಲ್ಲ.

"ಶಕುಂತಲಮ್ಮೋರೇ, ಇದು ನುಸಿ ಕಚ್ಚಿರೋದು. ಸಮುದ್ರದತ್ರ ಕೂತಿದ್ದೆ. ಅಮ್ಮ ಅಲ್ಲ."

"ಹಂಗನ್ಬೇಡ ಕಣೇ ಹನುಮಮ್ಮ. ತಾಯಿ ಕೇಳಿಸ್ಕೊಂಡಾಳು."

ಹನುಮಮ್ಮ ತಡೆದು ತಡೆದು ಬಿಡಿಸಿ ಹೇಳಿದಳು. ಅಮ್ಮ ಬಂದರೆ ಮೊದಲು ಜ್ವರ, ಆಮೇಲೆ ಎದೆ ಬೆನ್ನು ಮುಖ, ಕಾಲಿಗೆ ಇಳಿಯುವುದು ಕೊನೆಗೆ. ನನಗೆ ಜ್ವರ ಇಲ್ಲ, ಮಂಡಿಯ ಮೇಲೆ ಒಂದು ಗುಳ್ಳೆ ಇಲ್ಲ, ನೋಡಿ ಬೇಕಾದರೆ. ಮೂವತ್ತೆಂಟು ವರ್ಷ ಮಕ್ಕಳ ಮೈ ನೋಡಿದ್ದೀನಿ. ಬೆವರುಸಾಲೆ ಯಾವುದು, ಸೊಳ್ಳೆ ಕಚ್ಚಿದ್ದು ಯಾವುದು, ಅಮ್ಮ ಯಾವುದು ಅಂತ ಈ ಬೀದಿಗೆ ಹೇಳಿಕೊಟ್ಟವಳೇ ನಾನು.

"ನೀನೇ ಹೇಳ್ಕೊಟ್ಟಿದ್ದು, ಅದೇ ಹೇಳ್ತಿರೋದು ನಾನೂನು," ಅಂದಳು ಶಕುಂತಲಮ್ಮ. "ಸುಮನಾ ಹುಟ್ಟಿದಾಗ ನನ್ ತಂಗಿ ಹಾಗಲವಾಡಿಯಿಂದ ಮಗೀಗೆ ಅಂಗಿ ಹೊಲಿಸ್ಕೊಂಡು ಬಂದಿದ್ಲು. ಕತ್ತಿನ ಮೇಲೆ ನಾಕು ಗುಳ್ಳೆ ಐತೆ ಅಂತ ಇದೇ ಹೊಸಿಲಲ್ಲಿ ನಿಲ್ಲಿಸಿದೋಳು ಯಾರು? ಮೂರು ದಿನಕ್ಕೊಂದರಂಗೆ ಮೂರು ನೀರು ಆಗಲಿ, ಆಮೇಲೆ ಬಾ ಅಂದೆ. ಅದು ಸೆಕೆಗುಳ್ಳೆ ಅಂತ ಆಮೇಲೆ ಗೊತ್ತಾಯ್ತು. ಅವಳು ಅಂಗೀನ ಕಿಟಕೀಲಿ ಕೊಟ್ಟು ಅತ್ಕೊಂಡು ಹೋದ್ಲು. ನಾನು ನಿನ್ ಮಾತು ಮೀರಿದ್ನಾ?"

ಹನುಮಮ್ಮ ತೊಳೆದ ಕಾಲಿನ ಮೇಲೆ ಸೀರೆ ಇಳಿಬಿಟ್ಟಳು. ಆ ಮಾತು ಆಡಿದ್ದು ನಿಜ. ಮೈಮೇಲೆ ಒಂದು ಗುಳ್ಳೆ ಇದ್ದರೂ, ಯಾವುದರದ್ದೇ ಆಗಲಿ, ಕೂಸಿನ ಹತ್ತಿರ ಬರಬಾರದು ಅಂತ ಮನೆಮನೆಗೂ ಹೇಳಿದ್ದಳು. ಯಾವ ಗುಳ್ಳೆ ಅಂತ ನೋಡಿ ಬಿಡೋಣ ಅಂತ ಒಬ್ಬರಿಗೂ ಅಂದಿರಲಿಲ್ಲ. ಶಕುಂತಲಮ್ಮ ಅರಿಶಿನದ ನೀರು ತಂದು ಅವಳ ಕಾಲ ಮುಂದೆ ಹುಯ್ದು, ತಣ್ಣಗೆ ಹೋಗಿ ಬಾ ತಾಯಿ ಅಂತ ಹೇಳಿ ಬಾಗಿಲು ಮುಂದಕ್ಕೆ ಎಳೆದಳು.

ಮನೆಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಚಿಕ್ಕಮಾರಮ್ಮ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದಳು. ಬೇಡ ಅಂದರೆ, ನಿನಗಲ್ಲ ಕಣಕ್ಕ, ಒಳಗಿರೋ ತಾಯಿಗೆ ಅಂದಳು. ಒಗ್ಗರಣೆ ಹಾಕಬೇಡ ಅಂತ ಮೊಸರನ್ನ ಕಳಿಸಿದಳು. ಎರಡು ತಿಂಗಳ ಮಗುವಿನ ಅಜ್ಜಿಯೂ ಫೋನ್ ಮಾಡಿ, ಸದ್ಯಕ್ಕೆ ಬರಬೇಡಿ ಅಂದಳು, ಫೋನಿನಲ್ಲೇ ಕೈ ಮುಗಿದಿರಬೇಕು. ಯಾರ ಮೇಲೆ ಸಿಟ್ಟು ಮಾಡುವುದು? ಒಬ್ಬರೂ ಕೆಟ್ಟ ಮಾತು ಆಡಲಿಲ್ಲ. ಎಲ್ಲರಿಗೂ ಭಕ್ತಿ. ಇವಳೊಬ್ಬಳಿಗೆ ನವೆ.

ಭಾನುವಾರ ಅರುಣಾ ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ನೋಡಿದ ಕೂಡಲೇ ಹುಳ ಕಚ್ಚಿರುವುದು ಅಂತ ಚೀಟಿಯಲ್ಲಿ ಬರೆದರು. ಆ ಚೀಟಿಯನ್ನು ಅರುಣಾಳೇ ತೆಗೆದುಕೊಂಡು ಹೋಗಿ ಶಕುಂತಲಮ್ಮನಿಗೆ ಕೊಟ್ಟಳು. ಆಕೆ ಪೂರಾ ಓದಿ, ನಾಲ್ಕು ಮಡಿಕೆ ಮಾಡಿ ವಾಪಸ್ಸು ಕೊಟ್ಟಳಂತೆ. ಡಾಕ್ಟರು ಹೇಳಿದ್ದು ಸರಿಯೇ ಇರಬಹುದು, ಆದರೆ ನಿಮ್ಮವ್ವ ಮೂರು ನೀರು ಅಂದಿದ್ದಾಳೆ, ಒಂಬತ್ತು ದಿನ ಕಳೆಯಲಿ ಅಂದಳಂತೆ. ತನುಶ್ರೀ ಫೋನಿನಲ್ಲಿ, ಸಾಕ್ಸ್ ಯಾಕಜ್ಜಿ ಬಿಚ್ಚಿದೆ ಅಂತ ಕೇಳಿದಳು. ಹನುಮಮ್ಮ ಫೋನನ್ನು ಅರುಣಾಳ ಕೈಗೆ ಕೊಟ್ಟುಬಿಟ್ಟಳು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಶಕುಂತಲಮ್ಮನ ಮನೆ ಹಿಂದಿನ ಓಣಿಯಲ್ಲಿ ಬರುತ್ತಿದ್ದಳು. ಆ ಓಣಿಯಲ್ಲಿ ಅವಳಿಗೆ ಏನೂ ಕೆಲಸ ಇರಲಿಲ್ಲ. ಬಚ್ಚಲಿನ ಗವಾಕ್ಷಿಯಿಂದ ಕೂಸಿನ ಅಳು ಕೇಳಿಸಿತು. ಹಸಿವಿನ ಅಳು ಅಲ್ಲ, ನಿದ್ದೆಯದಲ್ಲ. ಕತ್ತಿನ ಕೆಳಗೆ ಹಿಡಿತ ಇಲ್ಲದೆ ಹೆದರಿ ಅಳುವ ಅಳು. ಶಕುಂತಲಮ್ಮನಿಗೆ ಮಂಡಿ ನೋವು, ನೆಲದಲ್ಲಿ ಕೂರಲಾಗುವುದಿಲ್ಲ. ಹಾಗಾದರೆ ಸುಮನಾಳೇ ಇರಬೇಕು.

"ಸುಮನಾ, ಟಬ್ಬಲ್ಲಿ ಇಟ್ಟಿದ್ದೀಯಾ ಮಗೀನ?"

"ಹೂಂ ಹನುಮಜ್ಜಿ. ಜಾರ್ತಾಳೆ. ನಂಗೆ ಹಿಡಿಯೋಕೇ ಬರ್ತಿಲ್ಲ."

"ಟಬ್ಬು ಅತ್ಲಾಗೆ ತಳ್ಳು. ಮಣೆ ಮೇಲೆ ಕೂತ್ಕ. ಕಾಲು ನೀಡು, ಎರಡೂ ಸೇರಿಸು, ಸಂದಿ ಬಿಡಬ್ಯಾಡ."

ಒಳಗಿನಿಂದ ಶಕುಂತಲಮ್ಮ ಗೊಣಗಿದ್ದು ಕೇಳಿಸಿತು. ಅದಕ್ಕೆ ಸುಮನಾಳ ಅಪ್ಪ ಚನ್ನವೀರಯ್ಯ ಹಿತ್ತಲಲ್ಲಿ ಹಲ್ಲುಜ್ಜುತ್ತಾ, "ಅವಳ ಮಾತಿಗೇನು ಗುಳ್ಳೆ ಎದ್ದಿಲ್ವಲ್ಲ, ಹೇಳ್ಲಿ ಬುಡೇ," ಅಂದ.

ಹನುಮಮ್ಮ ಗೋಡೆಯಾಚೆ ನಿಂತು ಹೇಳಿದಳು. ನೀರನ್ನು ಮೊಣಕೈಗೆ ಹಾಕಿ ನೋಡು. ಮೊದಲು ಕಾಲಿಗೆ, ಆಮೇಲೆ ಹೊಟ್ಟೆಗೆ, ತಲೆಗೆ ಕೊನೆಗೆ. ಅಂಗೈ ಹಣೆಗೆ ಅಡ್ಡ ಹಿಡಿ, ಇಲ್ಲದಿದ್ದರೆ ಕಣ್ಣಿಗೆ ಇಳಿಯುತ್ತೆ. ಬೋರಲು ಹಾಕುವಾಗ ಗದ್ದ ನಿನ್ನ ಕಾಲಿಗೆ ಒತ್ತದ ಹಾಗೆ ನೋಡಿಕೋ. ಅವಳ ಕೈ ಗಾಳಿಯಲ್ಲಿ ತಾನೇ ಆಡುತ್ತಿತ್ತು. ನಾಲ್ಕನೇ ಚೊಂಬಿಗೆ ಅಳು ಕಮ್ಮಿಯಾಯಿತು, ಆರನೆಯದಕ್ಕೆ ನಿಂತಿತು. ಓಣಿಯಲ್ಲಿ ಹೋಗುವವರು ದೂರ ಸರಿದು, ಕೈ ಮುಗಿದು ಹೋಗುತ್ತಿದ್ದರು.

ಆಮೇಲೆ ದಿನಾ ಒಂಬತ್ತಕ್ಕೆ ಸುಮನಾ ಒಳಗಿನಿಂದ, ಹನುಮಜ್ಜಿ ಇದ್ದೀಯಾ ಅನ್ನುವುದು, ಇವಳು ಹೊರಗಿನಿಂದ ಹೂಂ ಅನ್ನುವುದು. ಮಗುವಿನ ಮುಖ ಹೇಗಿದೆ ಅಂತಲೂ ಇವಳಿಗೆ ಗೊತ್ತಿಲ್ಲ. ಕೊನೆಯ ಎರಡು ದಿನ ಹೇಳುವುದಕ್ಕೆ ಹೆಚ್ಚು ಇರಲಿಲ್ಲ, ಇವಳು ಹೇಳುವ ಮುಂಚೆಯೇ ನೀರು ಬೀಳುವ ಸದ್ದು ಬರುತ್ತಿತ್ತು.

ಒಂಬತ್ತು ದಿನ ಕಳೆದ ಮಾರನೆಯ ದಿನ, ಮೂರನೇ ನೀರೂ ಹಾಕಿಕೊಂಡು, ಮುಂಬಾಗಿಲಲ್ಲಿ ಕಾಲು ತೊಳೆದು ಒಳಗೆ ಹೋದಳು. ಗುಳ್ಳೆ ಒಣಗಿ ಕಪ್ಪು ಚುಕ್ಕೆ ಉಳಿದಿದ್ದವು. ಶಕುಂತಲಮ್ಮ ಬಗ್ಗಿ ನೋಡಿ, ಇಳಿದವ್ಳೆ ತಾಯಿ ಅಂದಳು. ಸುಮನಾ ಎದ್ದು ಮಣೆ ಬಿಟ್ಟುಕೊಟ್ಟಳು. ಹನುಮಮ್ಮ ಕಾಲು ನೀಡಿದಳು. ಮಗುವನ್ನು ಮಲಗಿಸಿದರು.

ಮಗು ಒಂದು ಗಳಿಗೆ ಸುಮ್ಮನಿದ್ದು, ಕೈಕಾಲು ಬಿಗಿ ಹಿಡಿದು ಕಿರುಚಿತು. ನೀರಿನ ಬಿಸಿ ಸರಿಯಿತ್ತು, ಹಿಡಿತ ಸರಿಯಿತ್ತು, ಎಣ್ಣೆ ಸರಿಯಿತ್ತು. ಹನುಮಮ್ಮ ಒಂದೂ ತಪ್ಪದೆ ಪೂರಾ ನೀರು ಹಾಕಿದಳು, ಅಷ್ಟೂ ಹೊತ್ತು ಅದು ಅತ್ತಿತು. ಒರೆಸಿ ಸುಮನಾಳ ಕೈಗೆ ಕೊಟ್ಟ ಕೂಡಲೇ ನಿಲ್ಲಿಸಿತು.

ಎಲೆಯಡಿಕೆ ಕೊಡುತ್ತಾ ಶಕುಂತಲಮ್ಮ, ನಾಳೆ ಇದೇ ಹೊತ್ತಿಗೆ ಬಾ ಅಂದಳು. ಮನಸ್ಸಿಟ್ಟೇ ಅಂದದ್ದು.

"ಬ್ಯಾಡ ಬುಡಿ," ಅಂದಳು ಹನುಮಮ್ಮ. "ಮಗೀಗೆ ಅವಳ ಕಾಲು ಒಗ್ಗೋಗೈತೆ. ಒಂದ್ಸಲ ಒಗ್ಗಿದ ಮೇಲೆ ಕಾಲು ಬದಲಾಯಿಸ್ಬಾರ್ದು. ಬಾಣಂತಿ ಬೆನ್ನು ನೀವೋಕೆ ಬರ್ತೀನಿ."

"ಇದೂ ನೀನೇ ಮಾಡಿದ ಕಟ್ಟಳೇನಾ?"

"ಇನ್ಯಾರು ಮಾಡ್ತಾರೆ," ಅಂದಳು ಹನುಮಮ್ಮ ಸಿಡುಕಿ.

ಬೀದಿಗೆ ಬಂದು ಅರ್ಧ ದಾರಿಯಲ್ಲಿ ಎಡಗಾಲಿನ ಹಿಂದೆ ನವೆ ಎದ್ದಿತು. ಕರೆಂಟ್ ಕಂಬ ಹಿಡಿದು ನಿಂತು, ಹದಿನೈದು ದಿನದಿಂದ ತಡೆದದ್ದನ್ನೆಲ್ಲ ಸೇರಿಸಿ, ಚರ್ಮ ಕಿತ್ತು ಬರುವ ಹಾಗೆ ಕೆರೆದುಕೊಂಡಳು.